ನಾಲ್ಕನೇ ನಿಯಮ ಟೈಪ್ ಮಾಡಿದ ದೀಕ್ಷಿತಾ

ನಾಲ್ಕನೇ ನಿಯಮವನ್ನು ಟೈಪ್ ಮಾಡಿದ್ದು ದೀಕ್ಷಿತಾ ಅವರೇ. 2022ರ ಏಪ್ರಿಲ್ ತಿಂಗಳು, ಭಾಗಮಂಡಲದ ಬಸ್ ನಿಲ್ದಾಣದ ಎದುರಿಗಿರುವ ತಮ್ಮ ಜೆರಾಕ್ಸ್ ಅಂಗಡಿಯಲ್ಲಿ ಕುಳಿತು, ಕುಟುಂಬ ಕ್ರಿಕೆಟ್ ಪಂದ್ಯಾವಳಿಯ ಹಳೆಯ ನಿಯಮ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ‘ಚೆಂಡು’, ‘ಓವರ್’ ಎಂದಿದ್ದಲ್ಲೆಲ್ಲ ಅಳಿಸಿ, ಆಟಗಾರರ ಸಂಖ್ಯೆ ತಿದ್ದಿ, ಉಳಿದದ್ದನ್ನು ಹಾಗೆಯೇ ಇಳಿಸಿಕೊಂಡರು. ನಾಲ್ಕನೆಯದು ಹೀಗಿತ್ತು: ‘ಒಂದು ತಂಡದ ಆಟಗಾರರೆಲ್ಲ ಒಂದೇ ಮನೆತನದವರಾಗಿರಬೇಕು. ಮದುವೆಯಾದ ಹೆಣ್ಣುಮಕ್ಕಳು ತವರಿನ ಪರವಾಗಿ ಅಥವಾ ಗಂಡನ ಮನೆಯ ಪರವಾಗಿ ಆಡಬಹುದು. ಒಮ್ಮೆ ಹೆಸರು ಬರೆಸಿದ ಮೇಲೆ ಮನೆ ಬದಲಿಸುವಂತಿಲ್ಲ.’

ಕ್ರಿಕೆಟ್‌ನಲ್ಲಿ ಈ ಸಾಲಿನಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಮಹಿಳಾ ವಿಭಾಗದ ಪಂದ್ಯಗಳು ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿದ್ದವು. ಯಾರು ಯಾವ ಮನೆಗೆ ಆಡಿದರೆಂದು ಊಟದ ಹೊತ್ತಿಗೆ ಎಲ್ಲರೂ ಮರೆಯುತ್ತಿದ್ದರು. ಆದ್ದರಿಂದ ಇವರೂ ಎರಡು ಸಲ ಯೋಚಿಸಲಿಲ್ಲ. ಅದೇ ವರ್ಷ ತಮ್ಮ ಹೆಸರನ್ನು ಗಂಡನ ಮನೆಯಾದ ಮೇಲ್ಕೋಡಿಯ ಪಟ್ಟಿಯಲ್ಲಿ ಬರೆಸಿದರು.

ಪಂದ್ಯಾವಳಿ ವಿಡಿಯೊ ಗೇಮಿನದು. ಆಟದ ಹೆಸರು ಸ್ಪ್ಲಟೂನ್. ಜಪಾನಿನದು. ನಾಲ್ಕು ಜನರ ಎರಡು ತಂಡ, ಮೂರು ನಿಮಿಷದ ಆಟ. ಎಲ್ಲರ ಕೈಯಲ್ಲೂ ಬಣ್ಣ ಎರಚುವ ಒಂದು ಸಾಧನ ಇರುತ್ತದೆ: ಪಿಚಕಾರಿಯಂಥ ಬಂದೂಕು, ಬಕೆಟ್, ಬ್ರಷ್, ಗೋಡೆಗೆ ಬಳಿಯುವ ರೋಲರ್. ಎದುರಾಳಿಗೆ ಹೊಡೆದರೆ ಅವನು ಬಣ್ಣವಾಗಿ ಸಿಡಿದು ಕೆಲವು ಕ್ಷಣಗಳಲ್ಲಿ ತನ್ನ ಮನೆಯ ಕಟ್ಟೆಯ ಮೇಲೆ ಮತ್ತೆ ಎದ್ದು ನಿಲ್ಲುತ್ತಾನೆ. ಆದರೆ ಗೆಲುವು ಹೊಡೆತದ ಲೆಕ್ಕದಲ್ಲಿಲ್ಲ. ನೆಲದ ಮೇಲೆ ಯಾರ ಬಣ್ಣ ಹೆಚ್ಚು ಹರಡಿದೆಯೋ ಅವರು ಗೆದ್ದಂತೆ. ಆಟ ಮುಗಿದ ಕೂಡಲೇ ಇಡೀ ಮೈದಾನದ ನಕ್ಷೆ ಪರದೆಯ ಮೇಲೆ ಬರುತ್ತದೆ. ಬೆಕ್ಕೊಂದು ಬಾವುಟ ಎತ್ತಿ ಗೆದ್ದವರನ್ನು ತೋರಿಸುತ್ತದೆ. ಅದರ ತೀರ್ಪನ್ನು ಈವರೆಗೆ ಯಾರೂ ಪ್ರಶ್ನಿಸಿಲ್ಲ.

ದೀಕ್ಷಿತಾ ಹುಟ್ಟಿದ್ದು ಭಾಗಮಂಡಲದಿಂದ ನಾಲ್ಕು ಕಿಲೋಮೀಟರ್ ದೂರದ ನೀರ್ಕಜೆ ಮನೆಯಲ್ಲಿ. ಅರೆಭಾಷೆ ಗೌಡರ ಮನೆತನ, ಪಾಲಿಗೆ ಬಂದದ್ದು ಮೂರು ಎಕರೆ ಕಾಫಿ. ಒಂಬತ್ತು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಆಮೇಲೆ ಕಣದ ಕೆಲಸವೆಲ್ಲ ತಾಯಿ ಹೊನ್ನಮ್ಮ ಮತ್ತು ಈ ಹುಡುಗಿಯ ಮೇಲೆಯೇ ಬಿತ್ತು. ಕೊಯ್ದ ಹಣ್ಣನ್ನು ಕಣದಲ್ಲಿ ಹರಡುವಾಗ ಹೊನ್ನಮ್ಮನವರದು ಒಂದು ಕ್ರಮ. ಮೊದಲು ಬಾಗಿಲ ಬುಡ, ಮೂಲೆಗಳು, ಆಮೇಲೆ ನಡುವಿನ ಜಾಗ. ನಡುವಿನಿಂದ ಶುರು ಮಾಡಿದರೆ ಮೂಲೆ ತಲುಪುವಷ್ಟರಲ್ಲಿ ಕೈ ಸೋತಿರುತ್ತದೆ, ಅಲ್ಲಿ ಹಣ್ಣು ಗುಡ್ಡೆಯಾಗಿಯೇ ಉಳಿದು ಬೂಷ್ಟು ಹಿಡಿಯುತ್ತದೆ ಎಂದು ಅವರು ಹೇಳುತ್ತಿದ್ದರು.

ಮಡಿಕೇರಿಯಲ್ಲಿ ಬಿ.ಕಾಂ. ಮುಗಿಸಿ ದೀಕ್ಷಿತಾ ಮೈಸೂರಿನ ಮಾಲ್ ಒಂದರಲ್ಲಿ ಆಟಿಕೆ ಅಂಗಡಿಗೆ ಸೇರಿದರು. ಬಂದ ಮಕ್ಕಳಿಗೆ ವಿಡಿಯೊ ಗೇಮ್ ಆಡಿ ತೋರಿಸುವುದು ಅವರ ಕೆಲಸ. ಅಲ್ಲಿಯೇ ಈ ಆಟ ಸಿಕ್ಕಿತು. ಎಲ್ಲ ಮಕ್ಕಳೂ ಆಟ ಶುರುವಾದದ್ದೇ ನಡುಮೈದಾನಕ್ಕೆ ಓಡುತ್ತಿದ್ದರು, ಯಾರಿಗಾದರೂ ಹೊಡೆಯಲು. ಇವರು ರೋಲರ್ ಹಿಡಿದು ಹಿಂದಕ್ಕೆ ತಿರುಗುತ್ತಿದ್ದರು. ತಮ್ಮ ಕಟ್ಟೆಯ ಬುಡ, ಮೂಲೆಗಳು, ಆಮೇಲೆ ಮುಂದಕ್ಕೆ. ಈ ಆಟದಲ್ಲಿ ಸ್ವಂತ ಬಣ್ಣದೊಳಗೆ ಮೀನಿನಂತೆ ಮುಳುಗಿ ಈಜಬಹುದು, ಆಗ ವೇಗ ಹೆಚ್ಚು. ಹೊಡೆತ ತಿಂದು ಮನೆಗೆ ಬಂದವರು ಬಣ್ಣವಿದ್ದ ದಾರಿಯಲ್ಲಿ ಮತ್ತೆ ಬೇಗ ಮುಂದೆ ಹೋಗಬಹುದು. ಇದು ಆ ಆಟದಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಮಾಡದ ಕೆಲಸ. 2018ರಲ್ಲಿ ಅಂಗಡಿ ಮುಚ್ಚಿದಾಗ ಪ್ರದರ್ಶನಕ್ಕೆ ಇಟ್ಟಿದ್ದ ಕನ್ಸೋಲನ್ನು ಮಾಲೀಕರು ಇವರಿಗೇ ಕೊಟ್ಟು ಕಳಿಸಿದರು.

ಮರುವರ್ಷ ಚೇರಂಬಾಣೆಯ ಮೇಲ್ಕೋಡಿ ಮನೆಯ ತೀರ್ಥಪ್ರಸಾದ್ ಜೊತೆ ಮದುವೆ. ಲಾಕ್‌ಡೌನ್ ಬಂತು. ಆ ದೊಡ್ಡ ಮನೆಯಲ್ಲಿ ಶಾಲೆಯಿಲ್ಲದ ಆರು ಮಕ್ಕಳು. ಹೊಸ ಸೊಸೆ ಪೆಟ್ಟಿಗೆಯಿಂದ ಕನ್ಸೋಲ್ ತೆಗೆದು ಟಿವಿಗೆ ಜೋಡಿಸಿದರು. ಭಾವ ದೇರಪ್ಪ ಮನೆಯ ಯಜಮಾನ. ಅವರ ಮಗಳು ಲಿಖಿತಾಗೆ ಆಗ ಹನ್ನೆರಡು ವರ್ಷ. ಮೂರು ತಿಂಗಳಲ್ಲಿ ಅವಳು ಚಿಕ್ಕಮ್ಮನನ್ನು ಮೀರಿಸಿದಳು. ತೀರ್ಥಪ್ರಸಾದ್ ಕೂಡ ಕಲಿತರು. ಹೋಗಿ ಬಂದ ನೆಂಟರ ಮಕ್ಕಳು ತಮ್ಮ ಮನೆಗಳಲ್ಲಿ ಹಟ ಹಿಡಿದರು. ಎರಡು ವರ್ಷದಲ್ಲಿ ಸುತ್ತಲಿನ ಹದಿನೇಳು ಮನೆತನಗಳಲ್ಲಿ ಈ ಆಟ ಹಬ್ಬಿತ್ತು. ಹಾಗೆ ಹುಟ್ಟಿದ್ದು ಕಪ್. ನಿಯಮ ಬರೆದದ್ದು, ಪ್ರಮಾಣಪತ್ರ ಮುದ್ರಿಸಿದ್ದು, ಎಂಟು ಕನ್ಸೋಲ್‌ಗಳನ್ನು ಒಂದು ಕೋಣೆಗೆ ಸೇರಿಸಿ ಒಂಬತ್ತನೆಯದರಿಂದ ಆಟವನ್ನು ದೊಡ್ಡ ಪರದೆಗೆ ಬಿಟ್ಟದ್ದು ಎಲ್ಲವೂ ದೀಕ್ಷಿತಾ. ಸೋತವನ ಮೇಲೆ ನಿಂತು ಕುಣಿದು ಅಣಕಿಸುವುದು ಈ ಆಟದ ಲೋಕದಲ್ಲಿ ದೊಡ್ಡ ಪಿಡುಗು. ಹಾಗೆ ಮಾಡಿದ ತಂಡ ಆ ಸುತ್ತು ಸೋತಂತೆ ಎಂಬ ಒಂಬತ್ತನೇ ನಿಯಮ ಮಾತ್ರ ಅವರ ಸ್ವಂತದ್ದು. ಮೊದಲ ವರ್ಷ ಮೇಲ್ಕೋಡಿ ಗೆದ್ದಿತು. ಎರಡನೇ ವರ್ಷ ಫೈನಲ್‌ನಲ್ಲಿ ಸೋತಿತು.

2024ರ ಜನವರಿಯಲ್ಲಿ ದೀಕ್ಷಿತಾ ತಾಯಿಯ ಮನೆಗೆ ಮರಳಿದರು. ವರ್ಷದ ಕೊನೆಗೆ ಮಡಿಕೇರಿಯ ನ್ಯಾಯಾಲಯದಲ್ಲಿ ಇಬ್ಬರೂ ಒಪ್ಪಿ ವಿಚ್ಛೇದನವಾಯಿತು. ಕಾರಣ ಅವರಿಬ್ಬರದು. ಇಬ್ಬರೂ ಅದನ್ನು ಊರಿಗೆ ಹೇಳಿಲ್ಲ. ಆ ವರ್ಷದ ಕಪ್‌ನಲ್ಲಿ ದೀಕ್ಷಿತಾ ಆಡಲಿಲ್ಲ. ಕೇಬಲ್ ಜೋಡಿಸಿಕೊಟ್ಟು ಪರದೆಯ ಹಿಂದೆ ಕುಳಿತಿದ್ದರು.

2025ರ ಮಾರ್ಚ್‌ನಲ್ಲಿ ಅವರು ಆಡಬೇಕೆಂದು ತೀರ್ಮಾನಿಸಿದರು. ನೀರ್ಕಜೆ ತಂಡಕ್ಕೆ ಸೇರಿಸಿಕೊಳ್ಳುವಂತೆ ತವರಿನ ಹಿರಿಯರನ್ನು ಕೇಳಿದರು. ನಿನ್ನ ಹೆಸರು ಮೇಲ್ಕೋಡಿಯ ಪಟ್ಟಿಯಲ್ಲಿದೆ, ಬದಲಿಸುವಂತಿಲ್ಲ ಎಂದು ನೀನೇ ಬರೆದಿದ್ದೀಯಲ್ಲ ಎಂದು ಅವರು ನಗುತ್ತಲೇ ಹೇಳಿದರು. ಸಮಿತಿಯ ಅಧ್ಯಕ್ಷ ಪೊನ್ನಪ್ಪ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಅರವತ್ತಾರು ವಯಸ್ಸು. ಅವರೂ ಅದನ್ನೇ ಹೇಳಿದರು. ನಿಯಮ ಎಂದರೆ ನಿಯಮ.

ಆಗ ದೀಕ್ಷಿತಾ ಅದೇ ನಿಯಮವನ್ನು ಇನ್ನೊಮ್ಮೆ ಓದಿದರು. ಮನೆ ಬದಲಿಸುವಂತಿಲ್ಲ ಎಂದಾದರೆ ತಾವು ಈಗಲೂ ಮೇಲ್ಕೋಡಿಯ ಆಟಗಾರ್ತಿಯೇ. ನಿಯಮದಲ್ಲಿ ಮದುವೆಯ ಮಾತಿದೆ, ವಿಚ್ಛೇದನದ ಮಾತಿಲ್ಲ. ಹಾಗೆಂದು ಅರ್ಜಿ ಬರೆದು ಸಮಿತಿಗೆ ಕೊಟ್ಟರು.

ಮೇಲ್ಕೋಡಿಯಲ್ಲಿ ಇದು ಬೆಂಕಿ ಹಚ್ಚಿದಂತಾಯಿತು. ಮನೆ ಬಿಟ್ಟು ಹೋದವಳು ಮನೆಯ ಹೆಸರಲ್ಲಿ ಆಡುವುದೆಂದರೇನು ಎಂದು ದೇರಪ್ಪ ಸಮಿತಿಯ ಮುಂದೆ ಕೇಳಿದರು. ಪೊನ್ನಪ್ಪ ಕೆಟ್ಟವರಲ್ಲ. ಹದಿನೇಳು ಮನೆಗಳನ್ನು ಒಂದು ಚಪ್ಪರದಡಿ ಕೂರಿಸುವುದು ಎಷ್ಟು ಕಷ್ಟ ಎಂಬುದು ಅವರಿಗೆ ಗೊತ್ತು. ಒಂದು ಮನೆ ಮುನಿಸಿಕೊಂಡರೆ ಅದರ ಬೀಗರ ನಾಲ್ಕು ಮನೆ ಬರುವುದಿಲ್ಲ. ಅವರ ಭಯ ನಿಜವಾದದ್ದೇ. ಆದರೆ ಆ ಭಯದ ಬೆಲೆಯನ್ನು ಯಾರು ತೆರಬೇಕೆಂದು ಅವರು ಬಹಳ ಬೇಗ, ಬಹಳ ಸುಲಭವಾಗಿ ನಿರ್ಧರಿಸಿದರು. ನಾಲ್ಕನೇ ನಿಯಮಕ್ಕೆ ಒಂದು ಸಾಲು ಸೇರಿಸುವುದೆಂದು ಸಮಿತಿ ತೀರ್ಮಾನಿಸಿತು. ವಿಚ್ಛೇದನವಾದ ಇನ್ನೊಬ್ಬರು ಅದೇ ಮೇಲ್ಕೋಡಿ ತಂಡದಲ್ಲಿದ್ದರು. ತೀರ್ಥಪ್ರಸಾದ್. ಅವರು ಯಾವ ಮನೆಯವರು ಎಂದು ಆ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ.

ತಿದ್ದುಪಡಿಯನ್ನು ಟೈಪ್ ಮಾಡಿಸಬೇಕಿತ್ತು. ಭಾಗಮಂಡಲದಲ್ಲಿ ಸಮಿತಿಯವರು ಯಾವಾಗಲೂ ಟೈಪ್ ಮಾಡಿಸುವ ಅಂಗಡಿ ಒಂದೇ. ಅಭ್ಯಾಸಬಲ ಎನ್ನಬೇಕೋ, ಬೇರೇನೋ. ಮೇ ತಿಂಗಳ ಮೊದಲ ಸೋಮವಾರ, ಮಧ್ಯಾಹ್ನ ಹನ್ನೆರಡೂವರೆಗೆ, ಪೊನ್ನಪ್ಪ ಪಂದ್ಯಗಳ ವೇಳಾಪಟ್ಟಿಯ ಜೊತೆ ಆ ಚೀಟಿಯನ್ನೂ ಹಿಡಿದು ದೀಕ್ಷಿತಾ ಅವರ ಅಂಗಡಿಯ ಮೆಟ್ಟಿಲು ಹತ್ತಿದರು.

ಅಂಗಡಿಯಲ್ಲಿ ಐದಾರು ಜನರಿದ್ದರು. ಪಹಣಿ ತೆಗೆಸಲು ಬಂದವರು, ಆಧಾರ್ ಪ್ರತಿ ಮಾಡಿಸುವವರು. ಬೆಂಚಿನ ತುದಿಯಲ್ಲಿ ಮಗಳಿಗೆ ಬುತ್ತಿ ತಂದಿದ್ದ ಹೊನ್ನಮ್ಮ ಕುಳಿತಿದ್ದರು. ದೀಕ್ಷಿತಾ ಚೀಟಿ ತೆಗೆದುಕೊಂಡು, ನೋಡಿ, ವಾಪಸ್ ಕೊಟ್ಟರು.

“ನಿಮ್ಮ ಅಕ್ಷರ ನಂಗೆ ಓದಿಕೆ ಆಗ್ತಿಲ್ಲೆ ಮಾವ. ನೀವೇ ಹೇಳಿ, ನಾ ಟೈಪ್ ಮಾಡ್ನೆ.”

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಬರೆದ ಪೊನ್ನಪ್ಪನವರ ಅಕ್ಷರ ಅಚ್ಚಿನಂತಿದೆ. ದೀಕ್ಷಿತಾ ಅದನ್ನು ಈಗ ಒಪ್ಪುತ್ತಾರೆ.

ಅವರು ತಗ್ಗಿದ ದನಿಯಲ್ಲಿ ಶುರು ಮಾಡಿದರು. ಪ್ರಿಂಟರ್ ಸದ್ದು, ಜೋರಾಗಿ ಹೇಳಿ ಎಂದರು ದೀಕ್ಷಿತಾ.

“ಗಂಡನಿಂದ ಬೇರೆಯಾದ ಹೆಣ್ಣುಮಕ್ಕಳು,” ಎಂದರು ಪೊನ್ನಪ್ಪ.

ಪಹಣಿಯವರು ತಿರುಗಿ ನೋಡಿದರು.

“ಬೇರೆಯಾದ ಹೆಣ್ಣುಮಕ್ಕಳು. ಆಮೇಲೆ?”

“ಎರಡೂ ಮನೆಯವರು ಒಪ್ಪಿದರೆ ಮಾತ್ರ ಆಡಬಹುದು.”

“ಒಪ್ಪದಿದ್ದರೆ?”

“ಅದ್ ಬರೆಯೂದು ಬೇಡ ದೀಕ್ಷಿ.”

“ನಿಯಮ ಅಲ್ವಾ ಮಾವ, ಪೂರ್ತಿ ಇರೊಕು. ಒಪ್ಪದಿದ್ದರೆ ಅವಳು ಯಾವ ಮನೆಯವಳು ಅಂತ ಬರೀಲಿ? ಮತ್ತೆ ಹೆಂಡತಿಯಿಂದ ಬೇರೆಯಾದ ಗಂಡಸರಿಗೆ ಎಂಥ ಬರೀಲಿ?”

ಬೆಂಚಿನಿಂದ ಹೊನ್ನಮ್ಮ ಮಾತಾಡಿದರು. ದನಿ ಏರಿರಲಿಲ್ಲ.

“ಪೊನ್ನಪ್ಪಣ್ಣ, ಅಷ್ಟೆಲ್ಲ ಸುತ್ತಿ ಬಳಸಿ ಎಂಥಕೆ? ಇವ್ಳ ಹೆಸ್ರೇ ಹಾಕಿ ಬರೆಸಿ. ಬೇರೆ ಯಾರಿಗೂ ಅಲ್ಲಲ್ಲ ಇದ್.”

ಪೊನ್ನಪ್ಪ ಚೀಟಿಯನ್ನು ಮಡಿಸಿ ಜೇಬಿಗಿಟ್ಟರು. ಇವತ್ತು ಬೇಡ, ನೋಡುವ ಎಂದರು. ವೇಳಾಪಟ್ಟಿಯನ್ನು ಮಾತ್ರ ಮುದ್ರಿಸಿಕೊಂಡು ಹೋದರು. ಹಾಗಾಗಿ ಆ ವರ್ಷದ ಮಟ್ಟಿಗೆ ನಾಲ್ಕನೇ ನಿಯಮ ಮೊದಲು ಹೇಗಿತ್ತೋ ಹಾಗೆಯೇ ಉಳಿಯಿತು, ಮೇಲ್ಕೋಡಿಯ ಪಟ್ಟಿಯಲ್ಲಿ ದೀಕ್ಷಿತಾ ಅವರ ಹೆಸರೂ ಉಳಿಯಿತು.

ಈ ಆಟದ ಲೋಕದಲ್ಲಿ ಆಗಾಗ ಹಬ್ಬ ನಡೆಯುತ್ತದೆ. ಆಟ ಮಾಡಿದ ಕಂಪನಿಯೇ ಒಂದು ಪ್ರಶ್ನೆ ಮುಂದಿಡುತ್ತದೆ. ಯಾವ ರುಚಿ ಮೇಲು, ಯಾವ ಕಾಲ ಚೆಂದ, ಇಂಥವು. ಜಗತ್ತಿನ ಆಟಗಾರರೆಲ್ಲ ಒಂದೊಂದು ಪಕ್ಷ ಹಿಡಿದು ಎರಡು ಮೂರು ದಿನ ಬಣ್ಣ ಬಳಿಯುತ್ತಾರೆ. ಆ ಹಬ್ಬ ಮುಗಿಯುವವರೆಗೆ ಪಕ್ಷ ಬದಲಿಸುವಂತಿಲ್ಲ. ಮುಂದಿನ ಹಬ್ಬಕ್ಕೆ ಹೊಸದಾಗಿ ಆರಿಸಿಕೊಳ್ಳಬೇಕು. ಹೋದ ಸಲ ಯಾರ ಜೊತೆಗಿದ್ದೆ ಎಂದು ಯಾರೂ ಕೇಳುವುದಿಲ್ಲ. ಅದನ್ನು ಯಾಕೆ ನಿಯಮಕ್ಕೆ ಇಳಿಸಿಕೊಳ್ಳಲಿಲ್ಲ ಎಂದು ಕೇಳಿದರೆ ದೀಕ್ಷಿತಾ ಹೇಳುವುದಿಷ್ಟೇ: ಕಣ್ಣೆದುರಿಗಿದ್ದದ್ದು ಕ್ರಿಕೆಟ್ ಪುಸ್ತಕ. ಮನೆತನವಿಲ್ಲದೆ ತಂಡ ಕಟ್ಟಬಹುದೆಂದು ತಲೆಗೆ ಹೊಳೆಯಲೇ ಇಲ್ಲ.

ಪಂದ್ಯದ ಬೆಳಿಗ್ಗೆ ಸಮುದಾಯ ಭವನದಲ್ಲಿ ದೀಪ ಹಚ್ಚಿ ಹೆಸರುಗಳನ್ನು ಓದಿದರು. ಮೇಲ್ಕೋಡಿಯ ನಾಲ್ಕನೇ ಹೆಸರು ಬಂದಾಗ ಓದುವವರು ಒಂದು ಕ್ಷಣ ತಡೆದು ಓದಿದರು. ದೇರಪ್ಪ ಅದಕ್ಕೂ ಉಪಾಯ ಹುಡುಕಿದ್ದರು. ಪಟ್ಟಿಯಲ್ಲಿ ಯಾರೇ ಇರಲಿ, ಕುರ್ಚಿಯಲ್ಲಿ ಯಾರು ಕೂರಬೇಕು ಎಂಬುದು ಮನೆಯ ವಿಷಯ. ಮೂವರಿದ್ದರೆ ತಂಡ ಆಡಬಹುದೆಂದು ಎರಡನೇ ನಿಯಮದಲ್ಲಿದೆ. ತಮ್ಮವರು ಮೂವರೇ ಆಡುತ್ತಾರೆ. ಲಿಖಿತಾ, ಅವಳ ಸೋದರ ಸಂಬಂಧಿ ಒಬ್ಬ, ಮತ್ತು ತೀರ್ಥಪ್ರಸಾದ್. ನಾಲ್ಕನೇ ಕುರ್ಚಿಯ ಮುಂದೆ ಕನ್ಸೋಲ್ ಇತ್ತು, ಜನ ಇರಲಿಲ್ಲ. ದೀಕ್ಷಿತಾ ಕೇಬಲ್‌ಗಳ ಮೇಜಿನಲ್ಲಿದ್ದರು. ಆ ಮೇಜಿನಲ್ಲಿ ಕೂರಲು ಅವರಿಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ.

ಎದುರಾಳಿ ನೀರ್ಕಜೆ. ಮೂರು ಸುತ್ತಿನ ಪಂದ್ಯ.

ಮೊದಲ ಸುತ್ತಿನಲ್ಲಿ ಮೂವರೂ ನಡುಮೈದಾನಕ್ಕೆ ಓಡಿದರು, ಎಂದಿನಂತೆ. ಚೆನ್ನಾಗಿಯೇ ಹೊಡೆದರು. ಮೂರು ನಿಮಿಷ ಮುಗಿದು ನಕ್ಷೆ ಬಂತು. ನೀರ್ಕಜೆಯ ಹಸಿರು ಶೇಕಡ 49.2, ಮೇಲ್ಕೋಡಿಯ ಕಿತ್ತಳೆ 43.6. ಮೈಕ್ ಹಿಡಿದಿದ್ದ ಪೊನ್ನಪ್ಪ ಅಂಕಿಗಳನ್ನು ಓದಿ, ನಕ್ಷೆಯ ಕೆಳಭಾಗ ನೋಡಿ ನಿಂತರು. ಕಿತ್ತಳೆ ತಂಡದ ಕಟ್ಟೆಯ ಸುತ್ತ ಬರಿಯ ಬೂದು ನೆಲ. ಶತ್ರು ಅಲ್ಲಿಗೆ ಕಾಲಿಟ್ಟಿರಲೇ ಇಲ್ಲ. ಆದರೂ ಆ ಜಾಗ ಯಾರದ್ದೂ ಆಗಿರಲಿಲ್ಲ.

ಅವರು ಆಟ ಆಡಿದವರಲ್ಲ. ಆ ಜಾಗ ಯಾಕೆ ಖಾಲಿ ಇದೆ ಎಂದು ನಿಜವಾಗಿ ತಿಳಿಯದೆಯೇ ಕೇಳಿದರು. “ಅಲ್ಲಿ ಕೆಳಗೆ ಖಾಲಿ ಉಟ್ಟಲ್ಲ, ಎಂಥ ಅದ್?”

ಲಿಖಿತಾ ತಲೆ ಎತ್ತಿದಳು. ಹದಿನೇಳರ ಹುಡುಗಿ, ತಂಡದ ನಾಯಕಿ.

“ಅದ್ ಚಿಕ್ಕಮ್ಮ ಬಳಿತಿದ್ದ ಜಾಗ, ಅಜ್ಜ. ನಾವು ಮೂರ್ ಜನ. ಅಲ್ಲಿಗೆ ಯಾರ್ ಹೋದು?”

ಮೈಕ್ ಅದನ್ನು ಭವನದ ಕೊನೆಯ ಸಾಲಿನವರೆಗೆ ಕೇಳಿಸಿತು. ಚಿಕ್ಕಮ್ಮ ಎಂದು ಕರೆಯಬಾರದೆಂದು ಆ ಹುಡುಗಿಗೆ ಮನೆಯಲ್ಲಿ ಹೇಳಿ ಒಂದು ವರ್ಷವಾಗಿತ್ತು. ಅವಳು ಕನ್ಸೋಲನ್ನು ಮೇಜಿನ ಮೇಲಿಟ್ಟು ಎದ್ದಳು. ತಂದೆಯ ಕಡೆ ತಿರುಗಿದಳು.

“ಅಪ್ಪ, ಇಬ್ಬರಾದ್ರೆ ತಂಡ ಇಲ್ಲೆ. ಅದೂ ನಿಯಮ.”

ಇನ್ನೂರು ಜನರೆದುರು ಮಗಳನ್ನು ಗದರುವುದು ದೇರಪ್ಪನವರಿಂದಾಗಲಿಲ್ಲ, ಒಪ್ಪುವುದೂ ಆಗಲಿಲ್ಲ. ಎದ್ದು ಹೊರಗೆ ಹೋದರು. ತೀರ್ಥಪ್ರಸಾದ್ ಪರದೆಯನ್ನೇ ನೋಡುತ್ತಿದ್ದರು. ತಮ್ಮ ಪಕ್ಕದ ಕುರ್ಚಿಯ ಬಗ್ಗೆ ಇನ್ನೂರು ಜನ ಯೋಚಿಸುತ್ತಿದ್ದಾಗ ಅವರು ಒಂದು ಮಾತನ್ನೂ ಆಡಲಿಲ್ಲ. ಆ ಮೌನವನ್ನು ಕೆಲವರು ಸಭ್ಯತೆ ಎಂದರು. ‘ಅವಳು ಬಂದು ಕೂರಲಿ’ ಎಂಬ ಒಂದೇ ಮಾತು ಆಡಬೇಕಿತ್ತು, ಅದನ್ನಾಡಲು ಬಾಯಿದ್ದವರೂ ಅವರೊಬ್ಬರೇ ಇದ್ದರು.

ದೀಕ್ಷಿತಾ ಕೇಬಲ್ ಮೇಜಿನಿಂದ ಎದ್ದು ಬಂದರು. ಯಾರೂ ಕರೆದಿರಲಿಲ್ಲ. ನಾಲ್ಕನೇ ಕುರ್ಚಿ ಎಳೆದುಕೊಂಡು ಕುಳಿತು, ರೋಲರ್ ಆರಿಸಿಕೊಂಡರು. ಲಿಖಿತಾ ಕುಳಿತಳು.

ಎರಡನೇ ಸುತ್ತಿನಲ್ಲಿ ಮೂವರು ಮುಂದಕ್ಕೆ ಓಡಿದರು. ಒಬ್ಬರು ಹಿಂದಕ್ಕೆ ತಿರುಗಿದರು. ಕಟ್ಟೆಯ ಬುಡ, ಎಡಮೂಲೆ, ಬಲಮೂಲೆ. ಆಮೇಲೆ ಮೆಲ್ಲಗೆ ಮುಂದಕ್ಕೆ. ತೀರ್ಥಪ್ರಸಾದ್ ಎರಡು ಸಲ ಹೊಡೆತ ತಿಂದು ಕಟ್ಟೆಗೆ ಮರಳಿದರು. ಎರಡು ಸಲವೂ ಅವರ ಮುಂದೆ ದಾರಿ ಕಿತ್ತಳೆಯಾಗಿ ಸಿದ್ಧವಿತ್ತು, ಅದರಲ್ಲಿ ಈಜಿ ಹೋದರು. ಆ ಸುತ್ತು ಮೇಲ್ಕೋಡಿಗೆ, 50.1. ಮೂರನೆಯದು ನೀರ್ಕಜೆಗೆ, ಶೇಕಡ ಒಂದಕ್ಕಿಂತ ಕಡಿಮೆ ಅಂತರದಲ್ಲಿ. ಬೆಕ್ಕು ಬಾವುಟ ಎತ್ತಿತು. ದೀಕ್ಷಿತಾ ಹುಟ್ಟಿದ ಮನೆ ಗೆದ್ದು, ಮುಂದಿನ ಪಂದ್ಯದಲ್ಲಿ ಸೋತಿತು.

ಸಮಾರೋಪದಲ್ಲಿ ತಾಂತ್ರಿಕ ನೆರವಿಗಾಗಿ ಎಂದು ದೀಕ್ಷಿತಾ ಅವರಿಗೆ ಶಾಲು ಹೊದಿಸಲು ಕರೆದರು. ಅವರು ಕೇಬಲ್ ಸುತ್ತುತ್ತಿದ್ದರು. ಆಟಗಾರ್ತಿಯ ಪ್ರಮಾಣಪತ್ರ ಇದ್ದರೆ ಕೊಡಿ, ಶಾಲು ಮನೆಯಲ್ಲಿದೆ ಎಂದರು. ಸಮಿತಿಯವರು ಹೆಸರು ಬರೆದಿಟ್ಟಿದ್ದ ಪ್ರಮಾಣಪತ್ರಗಳ ಕಟ್ಟಿನಲ್ಲಿ ಮೇಲ್ಕೋಡಿಯವು ಮೂರೇ ಇದ್ದವು.

ಈ ವರ್ಷದ ಕಪ್‌ನ ನಿಯಮ ಪುಸ್ತಕ ಬಂದಿದೆ. ಕಾಗದ ಚೆನ್ನಾಗಿದೆ, ಮುಖಪುಟ ಬಣ್ಣದ್ದು. ಈ ಸಲ ಮಡಿಕೇರಿಯಲ್ಲಿ ಮುದ್ರಿಸಿದ್ದಾರೆ. ನಾಲ್ಕನೇ ನಿಯಮದ ಕೊನೆಗೆ ಹೊಸ ಸಾಲೊಂದಿದೆ: ‘ವಿಚ್ಛೇದನ ಪಡೆದ ಮಹಿಳೆಯರು ಎರಡೂ ಮನೆತನಗಳ ಲಿಖಿತ ಒಪ್ಪಿಗೆ ಸಲ್ಲಿಸತಕ್ಕದ್ದು.’ ವಿಚ್ಛೇದನ ಪಡೆದ ಗಂಡಸರ ಬಗ್ಗೆ ಒಂದಕ್ಷರವಿಲ್ಲ. ಪುಸ್ತಕವನ್ನು ಅಂಗಡಿಗೆ ತಂದುಕೊಟ್ಟವರು ಒಂದು ಮಾತು ಹೇಳಿ ಹೋದರು. ಎಂದಿನಂತೆ ಕನ್ಸೋಲ್, ಕೇಬಲ್ ತಂದು ಪರದೆ ಸಿದ್ಧ ಮಾಡಿಕೊಡಬೇಕಂತೆ, ಬೇರೆ ಯಾರಿಗೂ ಅದು ಬರುವುದಿಲ್ಲವಂತೆ.

ಆಟಗಾರ್ತಿಯಾಗಿ ಬರುವುದಾದರೆ ಎಲ್ಲವನ್ನೂ ತರುತ್ತೇನೆ, ಇಲ್ಲವಾದರೆ ಏನನ್ನೂ ತರುವುದಿಲ್ಲ ಎಂದು ದೀಕ್ಷಿತಾ ಲಿಖಿತವಾಗಿಯೇ ಉತ್ತರಿಸಿದ್ದಾರೆ. ಜೊತೆಗೆ ಹೊಸ ಅರ್ಜಿಯನ್ನೂ ಕೊಟ್ಟಿದ್ದಾರೆ. ಪಂದ್ಯಕ್ಕೆ ಇನ್ನು ಹನ್ನೊಂದು ದಿನಗಳಿವೆ. ಸಮಿತಿಯಿಂದ ಉತ್ತರ ಬಂದಿಲ್ಲ. ಎರಡು ಮನೆಗಳ ಒಪ್ಪಿಗೆ ಪತ್ರ ಎಂಬ ಜಾಗವನ್ನು ಅವರು ಅರ್ಜಿಯಲ್ಲಿ ಖಾಲಿ ಬಿಟ್ಟಿದ್ದಾರೆ. ಅದರ ಮೇಲಿನ ಸಾಲಿನಲ್ಲಿ, ಮನೆತನ ಎಂದಿರುವಲ್ಲಿ, ಬರೆದದ್ದು ಇಷ್ಟು: ‘2022ರಲ್ಲಿ ನೀವು ಬರೆದುಕೊಂಡದ್ದೇ.’